ಎರಡು ದಿನದ ಒಂದು ಸುಳ್ಳು

ನಮ್ಮ ಶಾಲೆಯ ಕ್ವಿಜ್ ಸ್ಪರ್ಧೆಗೆ ಪ್ರಶ್ನೆ ತಯಾರಿಸುವ ಕೆಲಸ ವರ್ಷವೂ ಸಮಾಜ ಪಾಠದವಳಾದ ನನ್ನ ಪಾಲಿಗೇ ಬರುತ್ತದೆ. "ಪೂರ್ವದ ವೆನಿಸ್ ಎಂದು ಯಾವ ಊರನ್ನು ಕರೆಯುತ್ತಾರೆ?" ಎಂದು ನಾನು ಇಷ್ಟು ವರ್ಷಗಳಲ್ಲಿ ಇಪ್ಪತ್ತು ಸಲವಾದರೂ ಕೇಳಿರಬೇಕು. ಮಕ್ಕಳು "ಆಲಪ್ಪುಳ" ಎನ್ನುತ್ತಾರೆ. ನಾನು "ಸರಿ ಉತ್ತರ" ಎಂದು ಅಂಕ ಹಾಕುತ್ತೇನೆ. ಮಂಗಳೂರಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಗಾಗುವ ಮೊದಲೇ ತಲುಪಬಹುದಾದ ಆ ಊರನ್ನು ನಾನು ಮಾತ್ರ ನೋಡಿರಲಿಲ್ಲ.

ನೋಡೋಣ ಎಂದು ಹೊರಡಿಸಿದವಳು ನನ್ನ ಗೆಳತಿ. ಬಿ.ಎಡ್. ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು ನಾವು. ಅವಳು ಟೀಚರಾಗದೆ ಅಂಚೆ ಕಚೇರಿಗೆ ಸೇರಿದಳು. ಗಂಡ ತೀರಿಕೊಂಡು ಹತ್ತು ವರ್ಷವಾಯಿತು, ವಯಸ್ಸಾದ ಅತ್ತೆಯನ್ನು ಅವಳೇ ನೋಡಿಕೊಳ್ಳುತ್ತಾಳೆ. 2023ರ ಡಿಸೆಂಬರಿನಲ್ಲಿ ಒಂದು ದಿನ ಫೋನು ಮಾಡಿ, "ಎರಡು ದಿನ ಎಲ್ಲಿಗಾದರೂ ಹೋಗಿ ಬರುವ ಮಾರಾಯ್ತಿ. ಮದುವೆಗಲ್ಲ, ಸಾವಿಗಲ್ಲ, ಆಸ್ಪತ್ರೆಗಲ್ಲ. ಸುಮ್ಮನೆ" ಎಂದಳು.

ಆ "ಸುಮ್ಮನೆ" ಎನ್ನುವುದೇ ನನಗೆ ದೊಡ್ಡ ತೊಡಕಾಯಿತು. ನಾನು ಸುಮ್ಮನೆ ಎಲ್ಲಿಗೂ ಹೋದವಳಲ್ಲ. ನೀವೇ ನೆನಪು ಮಾಡಿಕೊಳ್ಳಿ, ನಮ್ಮಲ್ಲಿ ಎಷ್ಟು ಹೆಂಗಸರು ಕಾರಣವಿಲ್ಲದೆ ಮನೆಯಿಂದ ಒಂದು ರಾತ್ರಿ ಹೊರಗೆ ಉಳಿದಿದ್ದಾರೆ? ಮಗಳ ಬಾಣಂತನ, ತಮ್ಮನ ಮಗನ ಉಪನಯನ, ಚುನಾವಣೆ ಡ್ಯೂಟಿ, ಇವಕ್ಕೆಲ್ಲ ಹೋಗಬಹುದು. ನೀರು ನೋಡಲಿಕ್ಕೆ ಹೋಗುತ್ತೇನೆ ಎಂದರೆ ಮನೆಯಲ್ಲಿ ಯಾರೂ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಇವರು "ಏನು ವಿಶೇಷ?" ಎಂದು ಕೇಳುತ್ತಾರೆ. ಅತ್ತೆ "ಈ ವಯಸ್ಸಿನಲ್ಲಾ?" ಎನ್ನುತ್ತಾರೆ. ಆಮೇಲೆ ನಾನು ವಾಪಸು ಬಂದು ಒಂದು ತಿಂಗಳವರೆಗೂ ಸಾರಿಗೆ ಉಪ್ಪು ಕಡಿಮೆಯಾದರೆ "ತಿರುಗಾಟದ ಗುಂಗು" ಎಂಬ ಮಾತು ಬರುತ್ತದೆ. ಇಷ್ಟೇ. ಆದರೆ ಈ ಇಷ್ಟಕ್ಕೇ ಹೆದರಿ ನಾನು "ಮಂಗಳೂರಿನಲ್ಲಿ ಸಮಾಜ ವಿಜ್ಞಾನ ಶಿಕ್ಷಕರ ಕಾರ್ಯಾಗಾರ ಉಂಟು, ಶನಿವಾರ, ಭಾನುವಾರ" ಎಂದುಬಿಟ್ಟೆ. ಶಾಲೆಗೆ ಕೊಟ್ಟ ರಜಾ ಅರ್ಜಿಯಲ್ಲಿ "ಅನಿವಾರ್ಯ ಕೌಟುಂಬಿಕ ಕಾರಣ" ಎಂದು ಬರೆದೆ. ಹೀಗೆ ಮನೆಯವರ ಲೆಕ್ಕದಲ್ಲಿ ನಾನು ಶಾಲೆಯ ಕೆಲಸದಲ್ಲಿದ್ದೆ, ಶಾಲೆಯವರ ಲೆಕ್ಕದಲ್ಲಿ ಮನೆಯ ಕೆಲಸದಲ್ಲಿದ್ದೆ. ನಿಜವಾಗಿ ಎಲ್ಲಿರುತ್ತೇನೆ ಎನ್ನುವುದು ಗೆಳತಿಗೆ ಮಾತ್ರ ಗೊತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ಅದೇ ನವೆಂಬರಿನಲ್ಲಿ ನನ್ನ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದು "ಅಜ್ಜಿ ತೀರಿಕೊಂಡರು ಟೀಚರ್" ಎಂದ. ನಾನು ಮರುಕಪಟ್ಟು ತಲೆ ಸವರಿದೆ. ಮುಂದಿನ ವಾರ ಪೋಷಕರ ಸಭೆಗೆ ಆ ಅಜ್ಜಿಯೇ ಎಲೆ ಅಡಿಕೆ ಹಾಕಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕುಳಿತರು! ವಿಚಾರಿಸಿದರೆ, ಹುಡುಗ ಮೀನಿನ ಲಾರಿ ಓಡಿಸುವ ಮಾವನ ಜೊತೆ ಸಮುದ್ರ ನೋಡಲಿಕ್ಕೆ ಹೋಗಿದ್ದ. ನಮ್ಮದು ಘಟ್ಟದ ಬುಡದ ಊರು. ಎರಡೂವರೆ ಗಂಟೆಯ ದಾರಿಯ ಸಮುದ್ರವನ್ನು ಕಾಣದೆ ದೊಡ್ಡವರಾಗುವ ಮಕ್ಕಳು ಇಲ್ಲಿ ಈಗಲೂ ಇದ್ದಾರೆ.

"ನಿಜ ಹೇಳಿ ರಜೆ ಕೇಳಬಹುದಿತ್ತಲ್ಲ?" ಎಂದು ಗದರಿಸಿದೆ. ಅವನು ಮಾತಾಡಲಿಲ್ಲ. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಮುಂದೆ ಅವನನ್ನು ನಿಲ್ಲಿಸಿ "ಇನ್ನು ಸುಳ್ಳು ಹೇಳುವುದಿಲ್ಲ" ಎಂದು ಹೇಳಿಸಿದೆ. ಸತ್ಯದ ಬಗ್ಗೆ ನಾನೂ ನಾಲ್ಕು ಮಾತು ಹೇಳಿದೆ. ಪುಣ್ಯಕೋಟಿಯ ಕತೆಯನ್ನೂ ನೆನಪಿಸಿದೆ. ನಾಲ್ಕು ವಾರ ಕಳೆಯುವುದರೊಳಗೆ ನಾನೇ ಕಾರ್ಯಾಗಾರದ ಹೆಸರು ಹೇಳಿ ರೈಲು ಹತ್ತಿದ್ದೆ.

ಆಲಪ್ಪುಳದ ಬೆಳಗು ಚೆಲುವಾಗಿತ್ತು. ಊರಿನ ನಡುವೆ ಒಂದಕ್ಕೊಂದು ಸಮಾನಾಂತರವಾಗಿ ಎರಡು ಕಾಲುವೆಗಳು ಹರಿಯುತ್ತವೆ. ಒಂದು ವಾಡ ಕಾಲುವೆ, ಇನ್ನೊಂದು ಕಮರ್ಷಿಯಲ್ ಕಾಲುವೆ. ಅವುಗಳ ಮೇಲೆ ಅಲ್ಲಲ್ಲಿ ಸೇತುವೆ, ದಂಡೆಯಲ್ಲಿ ಮರದ ನೆರಳು. ಹದಿನೆಂಟನೆಯ ಶತಮಾನದಲ್ಲಿ ತಿರುವಾಂಕೂರಿನ ರಾಜಾ ಕೇಶವದಾಸರು ಬೆಳೆಸಿದ ಬಂದರು ಇದು. ಒಳನಾಡಿನ ಮೆಣಸು, ಏಲಕ್ಕಿ, ಕೊಬ್ಬರಿ, ತೆಂಗಿನ ನಾರು ವೇಂಬನಾಡು ಹಿನ್ನೀರಿನಿಂದ ಈ ಕಾಲುವೆಗಳ ದಾರಿ ಹಿಡಿದು ಕಡಲಿಗೆ ಬರಬೇಕು ಎಂಬುದು ಅವರ ಲೆಕ್ಕಾಚಾರ. ವ್ಯಾಪಾರ ಮಾಡಲು ಕಚ್ಛ್‌ನಿಂದ, ಗುಜರಾತಿನಿಂದ ಸೇಠರು ಬಂದು ನೆಲಸಿದರು. 1859ರಲ್ಲಿ ಜೇಮ್ಸ್ ಡಾರಾ ಎಂಬವರು ಇಲ್ಲಿ ನಾರಿನ ಕಾರ್ಖಾನೆ ಶುರುಮಾಡಿದರು. 1862ರಲ್ಲಿ ದೀಪಸ್ತಂಭ ಬೆಳಗಿತು, ಹಡಗಿಗೆ ಸರಕು ಏರಿಸಲು ಸಮುದ್ರದೊಳಕ್ಕೆ ಚಾಚಿದ ಕಬ್ಬಿಣದ ಕಟ್ಟೆಯೂ ಅದೇ ಕಾಲದ್ದು. ಆಮೇಲೆ ಕೊಚ್ಚಿ ದೊಡ್ಡ ಬಂದರಾಗಿ ಬೆಳೆಯಿತು, ಇಲ್ಲಿಗೆ ಬರುವ ಹಡಗುಗಳು ಕಡಿಮೆಯಾಗುತ್ತ ಬಂದು ನಿಂತೇ ಹೋದವು. ಈಗ ಕಟ್ಟೆಯ ತುಕ್ಕು ಹಿಡಿದ ಕಂಬಗಳು ಮಾತ್ರ ನೀರಿನಲ್ಲಿ ನಿಂತಿವೆ, ಮಕ್ಕಳು ಅದರ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ.

ಇದನ್ನೆಲ್ಲ ನೋಡುತ್ತ ನನಗೆ ಖುಷಿಯಾಯಿತು. ಖುಷಿಯಾದ ಕೂಡಲೇ ಯಾರಿಗಾದರೂ ಹೇಳಬೇಕೆನಿಸಿತು. ಕೈ ಚೀಲದೊಳಗಿನ ಫೋನಿನ ಕಡೆಗೆ ಹೋಯಿತು, ಅಲ್ಲಿಯೇ ನಿಂತಿತು. ಇವರಿಗೆ ಹಳೆಯ ಕಟ್ಟಡಗಳೆಂದರೆ ಇಷ್ಟ, ದೀಪಸ್ತಂಭದ ಒಂದು ಫೋಟೊ ಕಳಿಸಿದ್ದರೆ ನಾಲ್ಕು ಜನರಿಗೆ ತೋರಿಸುತ್ತಿದ್ದರು. ಆದರೆ ಕಾರ್ಯಾಗಾರದಲ್ಲಿ ದೀಪಸ್ತಂಭ ಎಲ್ಲಿಂದ ಬರಬೇಕು?

ಮಧ್ಯಾಹ್ನ ಸರ್ಕಾರಿ ಬೋಟು ಹತ್ತಿದೆವು. ಹೌಸ್‌ಬೋಟು ನಮ್ಮ ಚೀಲಕ್ಕೆ ಹೊಂದುವಂಥದ್ದಲ್ಲ. ಸರ್ಕಾರಿ ಬೋಟು ಅಲ್ಲಿಯವರಿಗೆ ನಮ್ಮ ಹಳ್ಳಿಯ ಬಸ್ಸಿದ್ದ ಹಾಗೆ. ಅದರಲ್ಲಿ ಪೇಟೆಯಿಂದ ತರಕಾರಿ ಕೊಂಡವರು, ಟ್ಯೂಷನ್ ಮುಗಿಸಿ ಹೊರಟ ಹುಡುಗಿಯರು, ಮಗುವನ್ನು ಡಾಕ್ಟರಿಗೆ ತೋರಿಸಿ ಬಂದವರು ಎಲ್ಲ ಇದ್ದರು. ಬೋಟು ಕುಟ್ಟನಾಡಿನ ಕಡೆಗೆ ತಿರುಗಿದ ಮೇಲೆ ಒಂದು ವಿಚಿತ್ರ ಕಂಡಿತು. ನಾವು ಕುಳಿತ ನೀರು ಮೇಲಿತ್ತು, ಪಕ್ಕದ ಗದ್ದೆ ಕೆಳಗಿತ್ತು! ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ನಾಡು ಅದು. ನಡುವೆ ಒಂದು ಮಣ್ಣಿನ ಏರಿ, ಏರಿಯ ಮೇಲೆ ಸಾಲಾಗಿ ಮನೆಗಳು, ಪ್ರತಿ ಮನೆಯ ಎದುರು ನೀರಿಗಿಳಿಯುವ ಮೆಟ್ಟಿಲು. ಆ ಏರಿ ಒಡೆದರೆ ಬೆಳೆಯೆಲ್ಲ ಹೋಯಿತು.

ಪಕ್ಕದಲ್ಲಿ ಕುಳಿತಿದ್ದ ನನ್ನ ವಯಸ್ಸಿನ ಹೆಂಗಸು ಮಾತಿಗೆ ಶುರುಮಾಡಿದಳು. ನಮ್ಮ ಹರುಕು ಮಲಯಾಳವೂ ಅವಳ ಕೈಸನ್ನೆಯೂ ಸೇರಿ ಸಂಭಾಷಣೆ ನಡೆಯಿತು. 2018ರ ಆಗಸ್ಟಿನ ನೆರೆಯಲ್ಲಿ ತನ್ನ ಮನೆಗೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಎದೆಯ ಮಟ್ಟಕ್ಕೆ ಕೈಯಿಟ್ಟು ತೋರಿಸಿದಳು. ಆಮೇಲೆ, ಎಲ್ಲ ಹೆಂಗಸರೂ ಎಲ್ಲ ಹೆಂಗಸರನ್ನೂ ಕೇಳುವ ಪ್ರಶ್ನೆ ಕೇಳಿದಳು. ಯಜಮಾನರು ಬರಲಿಲ್ಲವೇ?

"ಬಂದಿದ್ದಾರೆ. ತಲೆನೋವು, ಲಾಡ್ಜಿನಲ್ಲಿ ಮಲಗಿದ್ದಾರೆ" ಎಂದೆ.

ಹಾಗೆ ಯಾಕೆ ಹೇಳಿದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ಹೆಂಗಸನ್ನು ನಾನು ಮತ್ತೆಂದೂ ನೋಡುವುದಿಲ್ಲ. ಅವಳು ನನ್ನನ್ನು ಏನೆಂದುಕೊಂಡರೂ ನನಗೆ ನಷ್ಟವಿಲ್ಲ. ತನ್ನ ಮನೆ ಮುಳುಗಿದ ಕತೆಯನ್ನು ಅಪರಿಚಿತಳಾದ ನನಗೆ ಹೇಳಿದವಳಿಗೆ ನಾನು ಪ್ರತಿಯಾಗಿ ಒಂದು ಸುಳ್ಳನ್ನು ಕೊಟ್ಟೆ. ಅವಳು ಪಾಪ, ತಲೆನೋವಿಗೆ ಏನು ಹಚ್ಚಬೇಕು ಎಂದು ಹೇಳತೊಡಗಿದಳು.

ಗೆಳತಿ ಮೊದಲು ನಕ್ಕಳು. ಬೋಟಿನಿಂದ ಇಳಿದು ಕಾಲುವೆಯ ದಂಡೆಯಲ್ಲಿ ಚಹಾ ಕುಡಿಯುವಾಗ ನಗಲಿಲ್ಲ. ಅಷ್ಟು ಹೊತ್ತಿಗೆ ಬೆಂಗಳೂರಿನಿಂದ ಮಗ ಫೋನು ಮಾಡಿ "ಕಾರ್ಯಾಗಾರ ಹೇಗಾಗುತ್ತಿದೆ ಅಮ್ಮ?" ಎಂದು ಕೇಳಿದ್ದ, ನಾನು ಉತ್ತರ ಕೊಟ್ಟಿದ್ದೆ. ಇವರು ಫೋನು ಮಾಡಿ "ಊಟ ಏನಿತ್ತು?" ಎಂದಿದ್ದರು, ನಾನು ಇಲ್ಲದ ಊಟದ ಇಲ್ಲದ ಹೋಳಿಗೆಯನ್ನೂ ಬಡಿಸಿದ್ದೆ.

"ನೀನು ಮನೆಯಲ್ಲಿ ಏನು ಹೇಳಿ ಬಂದೆ?" ಎಂದು ಗೆಳತಿಯನ್ನು ಕೇಳಿದೆ.

"ಕಾಲುವೆ ಇರುವ ಊರು ನೋಡಿ ಬರುತ್ತೇನೆ ಅಂದೆ. ಅತ್ತೆ ಮೂರು ದಿನ ಮುಖ ಊದಿಸಿಕೊಂಡಿದ್ದರು. ಅವರನ್ನು ನೋಡಿಕೊಳ್ಳಲಿಕ್ಕೆ ನಾದಿನಿಯನ್ನು ಕರೆಸಿದೆ, ಅವಳು ಬಂದು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಕೇಳಿಸಿಕೊಂಡೆ, ಚೀಲ ಹಿಡಿದುಕೊಂಡು ಬಂದೆ." ಚಹಾದ ಲೋಟ ಕೆಳಗಿಟ್ಟು ಅವಳು ಹೇಳಿದಳು, "ನಾನು ನಗದು ಕೊಟ್ಟು ಬಂದೆ ಮಾರಾಯ್ತಿ. ನೀನು ಸಾಲ ಮಾಡಿ ಬಂದಿದ್ದಿ."

ದಂಡೆಯಲ್ಲಿದ್ದ ಅಂಗಡಿಯಲ್ಲಿ ಅವಳು ನಾರಿನ ಕಾಲೊರಸು ಕೊಂಡಳು. ನನಗೂ ಆಸೆಯಾಯಿತು. ಆದರೆ ಅದರ ಮೇಲೆ ಆಲಪ್ಪುಳದ ಹೆಸರೇ ಇತ್ತಲ್ಲ! ಸುಮ್ಮನಾದೆ. ಅವಳು ಎರಡು ಕಟ್ಟಿಸಿದಳು. "ನಿನ್ನದು ನನ್ನ ಮನೆಯಲ್ಲಿರಲಿ. ಯಾವಾಗ ಬೇಕೋ ಆವಾಗ ಬಂದು ತೆಗೆದುಕೊಂಡು ಹೋಗು" ಎಂದಳು.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಅಂಬಲಪುಳಕ್ಕೆ ಹೋದೆವು. ಆಲಪ್ಪುಳದಿಂದ ಹದಿನಾಲ್ಕು ಕಿಲೋಮೀಟರು. ಅಲ್ಲಿನ ಕೃಷ್ಣನ ದೇವಸ್ಥಾನದ ಹಾಲು ಪಾಯಸ ಹೆಸರಾದದ್ದು. ಅದರ ಹಿಂದೆ ಒಂದು ಕತೆಯಿದೆ. ಚದುರಂಗದ ಹುಚ್ಚಿದ್ದ ಅಲ್ಲಿನ ರಾಜನ ಬಳಿಗೆ ಕೃಷ್ಣ ಋಷಿಯ ವೇಷದಲ್ಲಿ ಬಂದು ಆಟ ಆಡಿದನಂತೆ. "ಗೆದ್ದರೆ ನನಗೆ ಸ್ವಲ್ಪ ಅಕ್ಕಿ ಸಾಕು. ಮೊದಲ ಮನೆಗೆ ಒಂದು ಕಾಳು, ಎರಡನೆಯ ಮನೆಗೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋಗು" ಎಂದನಂತೆ. ರಾಜ ನಕ್ಕು ಒಪ್ಪಿದ, ಸೋತ, ಕಾಳು ಎಣಿಸಲು ಕುಳಿತ. ಹನ್ನೊಂದನೆಯ ಮನೆಗೆ 1,024 ಕಾಳು. ಇಪ್ಪತ್ತೊಂದನೆಯ ಮನೆಗೆ ಹತ್ತು ಲಕ್ಷ ದಾಟಿತು. ಅರವತ್ತನಾಲ್ಕು ಮನೆಗಳ ಒಟ್ಟು ಲೆಕ್ಕ ಇಪ್ಪತ್ತು ಅಂಕಿಗಳ ಸಂಖ್ಯೆ ಎಂದು ನಮ್ಮ ಗಣಿತದ ಟೀಚರು ಆಮೇಲೆ ಹೇಳಿದರು. ರಾಜ್ಯದ ಕಣಜ ಬರಿದಾದರೂ ಸಾಲ ತೀರಲಿಲ್ಲ. ಆಗ ದೇವರು ನಿಜರೂಪ ತೋರಿಸಿ, "ಒಮ್ಮೆಗೇ ಕೊಡಬೇಡ. ದಿನವೂ ಬಂದ ಭಕ್ತರಿಗೆ ಪಾಯಸ ಹಂಚು, ಸಾಲ ತೀರುವ ತನಕ" ಎಂದನಂತೆ. ಈಗ ರಸೀದಿ ಮಾಡಿಸಿ ಪಾಯಸ ಕೊಳ್ಳಬೇಕು, ಆದರೆ ಕತೆ ಹಾಗೆಯೇ ಉಳಿದಿದೆ.

ಗೆಳತಿ ತನ್ನ ಅತ್ತೆಗೆಂದು ಒಂದು ಡಬ್ಬಿ ಪಾಯಸ ತೆಗೆದುಕೊಂಡಳು. ನಾನು ಅಲ್ಲಿಯೇ ಕುಡಿದು ಕೈ ತೊಳೆದೆ.

ವಾಪಸಿನ ರೈಲಿನಲ್ಲಿ ನಿದ್ದೆ ಬರಲಿಲ್ಲ. ಕಾಳುಗಳನ್ನು ಎಣಿಸುತ್ತಿದ್ದೆ. ಮನೆಗೆ ಒಂದು, ಶಾಲೆಗೆ ಒಂದು, ಮಗನಿಗೆ, ಇವರಿಗೆ, ಕೊನೆಗೆ ಬೋಟಿನ ಆ ಹೆಂಗಸಿಗೆ. ಮೊದಲನೆಯ ಕಾಳು ಎಷ್ಟು ಸಣ್ಣದಿತ್ತು! ಯಾರಿಗೂ ಕೆಡುಕಿಲ್ಲದ ಸುಳ್ಳು ಎಂದು ನಾವು ಹೇಳುತ್ತೇವಲ್ಲ, ಅಂಥದ್ದು.

ಮತ್ತೆ ಆ ಹುಡುಗನ ಮುಖ ನೆನಪಾಯಿತು. "ನಿಜ ಹೇಳಿ ರಜೆ ಕೇಳಬಹುದಿತ್ತಲ್ಲ?" ಎಂದಾಗ ಅವನು ಸುಮ್ಮನಿದ್ದದ್ದು ಯಾಕೆ ಎಂದು ಆಗ ತಿಳಿಯಿತು. ನಿಜವಾದ ಉತ್ತರ "ನೀವು ಕೊಡುತ್ತಿರಲಿಲ್ಲ ಟೀಚರ್" ಎನ್ನುವುದಾಗಿತ್ತು. ಅದನ್ನು ನನ್ನ ಎದುರು ಹೇಳುವ ಹಾಗಿರಲಿಲ್ಲ. ಸಮುದ್ರ ನೋಡಬೇಕು ಎಂದು ರಜೆ ಕೇಳಿದ ಹುಡುಗನಿಗೆ ನಾನು ಖಂಡಿತ ರಜೆ ಕೊಡುತ್ತಿರಲಿಲ್ಲ, ಅಜ್ಜಿ ಸತ್ತರೆ ಕೊಡುತ್ತಿದ್ದೆ. ಹಾಗಾಗಿ ಅವನು ಅಜ್ಜಿಯನ್ನು ಸಾಯಿಸಿದ. ಆಸೆಗೆ ರಜೆ ಇಲ್ಲ, ಸಾವಿಗೆ ಉಂಟು ಎಂಬ ನಿಯಮ ಮಾಡಿದವರಲ್ಲಿ ನಾನೂ ಒಬ್ಬಳು. ಆ ಸುಳ್ಳಿನಲ್ಲಿ ನನ್ನ ಪಾಲು ಎಷ್ಟು?

ಪುಣ್ಯಕೋಟಿಯ ಕತೆಯನ್ನು ಎಷ್ಟೋ ವರ್ಷ ಹೇಳಿಯೂ ನಾನು ಒಂದು ವಿಷಯ ಗಮನಿಸಿರಲಿಲ್ಲ. ಅದರಲ್ಲಿ ಸತ್ಯ ಹೇಳಿದ ಹಸು ಮಾತ್ರ ಇರುವುದಲ್ಲ, ಕೇಳಿಸಿಕೊಂಡ ಹುಲಿಯೂ ಇದೆ. ಹಸಿದ ಹುಲಿ ಒಂದು ಮಾತನ್ನು ನಂಬಿ ದಾರಿ ಬಿಟ್ಟಿತು. ಅದು ದಾರಿ ಬಿಡದಿದ್ದರೆ ಪುಣ್ಯಕೋಟಿಯ ಸತ್ಯಕ್ಕೆ ನಡೆದು ತೋರಿಸಲು ಜಾಗವೇ ಇರುತ್ತಿರಲಿಲ್ಲ. ಮನೆಯಲ್ಲಿ, ಶಾಲೆಯಲ್ಲಿ ನಾವು ಎಲ್ಲರಿಂದಲೂ ಪುಣ್ಯಕೋಟಿಯ ಸತ್ಯವನ್ನು ಕೇಳುತ್ತೇವೆ. ಆ ಹುಲಿಯಷ್ಟು ಕಿವಿಗೊಡುವುದನ್ನು ಮಾತ್ರ ಕಲಿಯುವುದಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಹುಲಿಯ ಮೇಲೆ ಹೊರಿಸಿ ನಿದ್ದೆ ಮಾಡೋಣವೆಂದರೆ ಅದೂ ಆಗಲಿಲ್ಲ. ಯಾಕೆಂದರೆ ಪಕ್ಕದ ಬರ್ತಿನಲ್ಲಿ ಗೆಳತಿ ಮಲಗಿದ್ದಳು. ಅವಳ ಮನೆಯಲ್ಲಿಯೂ ಹುಲಿಗಳಿದ್ದವು. ಅವಳು ಬೈಗುಳದ ಬೆಲೆ ಕೊಟ್ಟು ಸತ್ಯ ಹೇಳಿ ಬಂದಿದ್ದಳು, ತಲೆದಿಂಬಿನ ಹತ್ತಿರ ಪಾಯಸದ ಡಬ್ಬಿ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಳು. ಸತ್ಯಕ್ಕೆ ಬೆಲೆ ಹೆಚ್ಚು ಮಾಡಿದ್ದು ಅವರ ತಪ್ಪು. ಆ ಬೆಲೆ ಕೊಡಲು ಕೈಯಲ್ಲಿದ್ದರೂ ಕೊಡದೆ ಬಂದದ್ದು ನನ್ನ ತಪ್ಪು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಹನ್ನೊಂದು ದಿನ ಸುಮ್ಮನಿದ್ದೆ. ಹನ್ನೆರಡನೆಯ ದಿನ ರಾತ್ರಿ ಊಟವಾದ ಮೇಲೆ ಇವರಿಗೆ ಹೇಳಿದೆ. ಇವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ ಅಂತ ನಿನಗೆ ಹೇಗೆ ಗೊತ್ತು?" ಎಂದರು.

"ಮೂವತ್ತು ವರ್ಷದಿಂದ ಗೊತ್ತು" ಎಂದೆ.

"ಆದರೂ ಒಮ್ಮೆ ಕೇಳಬಹುದಿತ್ತು."

ಇಬ್ಬರು ಹೇಳಿದ್ದೂ ನಿಜವೇ ಆಗಿತ್ತು. ಇವರು "ಹೂಂ, ಹೋಗಿ ಬಾ" ಎನ್ನುತ್ತಿದ್ದರೋ ಇಲ್ಲವೋ, ಅದು ಇನ್ನು ನಮಗಿಬ್ಬರಿಗೂ ಯಾವತ್ತೂ ತಿಳಿಯುವುದಿಲ್ಲ. ಒಳ್ಳೆಯವರಾಗಲು ಅವರಿಗಿದ್ದ ಒಂದು ಅವಕಾಶವನ್ನು ನಾನು ಮೊದಲೇ ತೆಗೆದುಬಿಟ್ಟಿದ್ದೆ. ಯಾರಿಗೂ ಕೆಡುಕಿಲ್ಲದ ಸುಳ್ಳು ಎನ್ನುತ್ತೇವಲ್ಲ, ಅದು ಮಾಡುವ ಕೆಡುಕು ಇದು. ಮುಂದೊಂದು ದಿನ ಕೇಳಿ ನೋಡುವ ಧೈರ್ಯವನ್ನೂ ಅದು ಕಡಿಮೆ ಮಾಡುತ್ತದೆ.

ಒಳಗಿನ ಕೋಣೆಯಿಂದ ಎಂಬತ್ತನಾಲ್ಕರ ಅತ್ತೆಯ ದನಿ ಬಂತು. ಕಿವಿ ಕೇಳುವುದಿಲ್ಲ ಎಂದು ನಾವು ತಿಳಿದಿದ್ದೆವು. "ಅಂಬಲಪುಳಕ್ಕೆ ಹೋಗಿದ್ದೆಯಾ? ಕೃಷ್ಣನ ಪಾಯಸ ನನಗೊಂದು ಚಮಚ ತರಬಾರದಿತ್ತಾ?"

ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ, ಈ ಮಾತಿಗೆ ಆಗಿರಲಿಲ್ಲ. ಹೋಗಿ ಅವರ ಕಾಲ ಬಳಿ ಕುಳಿತೆ.

ಹುಡುಗನನ್ನು ಮರುದಿನ ಸ್ಟಾಫ್ ರೂಮಿನ ಹೊರಗೆ ಕರೆದು ನಾನು ಮಾಡಿದ್ದನ್ನು ಹೇಳಿದೆ. "ನಿನ್ನನ್ನು ಎಲ್ಲರೆದುರು ನಿಲ್ಲಿಸಿದ್ದು ತಪ್ಪಾಯಿತು" ಎಂದೆ. ಅವನು ಕಂಬವನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಅಲ್ಲಿಯೂ ಸಮುದ್ರ ಉಂಟಾ ಟೀಚರ್?"

ಉಂಟು ಎಂದೆ. ಇಬ್ಬರೂ ನಮ್ಮ ನಮ್ಮ ಸಮುದ್ರದ ಬಗ್ಗೆ ಬೆಲ್ ಹೊಡೆಯುವವರೆಗೆ ಮಾತಾಡಿದೆವು.

ಆದರೆ ಅವನು ಇಡೀ ಶಾಲೆಯ ಮುಂದೆ ನಿಂತಿದ್ದ, ನಾನು ಕಂಬದ ಮರೆಯಲ್ಲಿ ನಿಂತು ಹೇಳಿದೆ. ಪ್ರಾರ್ಥನೆಯ ಸಾಲಿನ ಮುಂದೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಇದು ನ್ಯಾಯವಲ್ಲ ಎಂದು ಗೊತ್ತು. ಅಂಬಲಪುಳದ ರಾಜನ ಹಾಗೆ ಕಂತಿನಲ್ಲಿ ತೀರಿಸುತ್ತಿದ್ದೇನೆ, ಇಲ್ಲಿ ಬರೆದದ್ದೂ ಒಂದು ಕಂತು. ಕಾಲೊರಸನ್ನು ಗೆಳತಿಯ ಮನೆಯಿಂದ ತಂದು ನಮ್ಮ ಬಾಗಿಲಿಗೆ ಹಾಕಿದ್ದೇನೆ. ಬಂದವರು "ಎಲ್ಲಿಂದ ತಂದದ್ದು?" ಎಂದು ಕೇಳಿದರೆ, "ಆಲಪ್ಪುಳದಿಂದ. ಗೆಳತಿಯ ಜೊತೆ ಹೋಗಿದ್ದೆ, ಸುಮ್ಮನೆ" ಎನ್ನುತ್ತೇನೆ.